ಲೋಕಶಿಕ್ಷಕರ ಸಿದ್ಧತೆ: ಸೆಪ್ಟಿಮಾ ಕ್ಲಾರ್ಕರ ಎರಡು ಆತ್ಮಕಥನಗಳು

ಲೋಕಶಿಕ್ಷಣದ ವಿಚಾರವಾಗಿ ನಡೆಯುವ ಚರ್ಚೆಗಳಲ್ಲಿ ಕಲಿಯತಕ್ಕವರ ಮಾತು ಬರುತ್ತದೆ. ಕಲಿಯಬೇಕಾದ ವಿಷಯದ ಮಾತು ಬರುತ್ತದೆ. ಪುಸ್ತಕ ಸಾಲದು, ಹಣ ಸಾಲದು, ಕಾಲ ಸಾಲದು ಎಂಬ ಮಾತೂ ತಪ್ಪದೆ ಬರುತ್ತದೆ. ಕಲಿಸತಕ್ಕವರ ಮಾತು ಬರುವುದು ಮಾತ್ರ ಅಪರೂಪ. ಓದುಬರಹ ಬಲ್ಲವನು ಬಾರದವನಿಗೆ ನಾಲ್ಕು ವಿಷಯ ತಿಳಿಯಹೇಳುವುದರಲ್ಲಿ ಅಭ್ಯಾಸದಿಂದ ಸಾಧಿಸಬೇಕಾದ ವಿದ್ಯೆ ಏನಿದ್ದೀತು ಎಂಬ ಭಾವನೆಯೇ ಇದಕ್ಕೆ ಕಾರಣವಾಗಿರಬೇಕು. ಮಕ್ಕಳಿಗೆ ಪಾಠ ಹೇಳುವವನಿಗೆ ತರಬೇತೂ ಅರ್ಹತಾಪತ್ರವೂ ಆವಶ್ಯಕವೆಂಬುದನ್ನು ಎಲ್ಲರೂ ಒಪ್ಪುತ್ತಾರೆ. ಆ ಮಕ್ಕಳ ತಾಯಿತಂದೆಗಳಿಗೆ ರಾಜ್ಯದ ಶಾಸನವನ್ನೂ ಮತದ ಹಕ್ಕನ್ನೂ ತೆರಿಗೆಯ ಲೆಕ್ಕವನ್ನೂ ಬಿಡಿಸಿ ಹೇಳುವುದಕ್ಕೆ ಸದುದ್ದೇಶವೊಂದಿದ್ದರೆ ಸಾಕೆಂದು ಅವರೇ ನಂಬುತ್ತಾರೆ. ಈ ನಂಬಿಕೆ ಎಷ್ಟರಮಟ್ಟಿಗೆ ನಿಲ್ಲತಕ್ಕದ್ದು ಎಂಬುದನ್ನು ಪರೀಕ್ಷಿಸಲು ಅಮೆರಿಕದ ಸೆಪ್ಟಿಮಾ ಪಾಯಿನ್‌ಸೆಟ್ ಕ್ಲಾರ್ಕರ ಎರಡು ಗ್ರಂಥಗಳಿಗಿಂತ ಉತ್ತಮವಾದ ಆಧಾರಗಳು ಹೆಚ್ಚಿಲ್ಲ. 1962ರಲ್ಲಿ ಪ್ರಕಟವಾದ ‘ಎಕೋ ಇನ್ ಮೈ ಸೋಲ್’ ಮೊದಲನೆಯದು. 1986ರಲ್ಲಿ ಹೊರಬಂದ ‘ರೆಡಿ ಫ್ರಂ ವಿದಿನ್’ ಎರಡನೆಯದು. ಒಂದೇ ಜೀವನವನ್ನು ಒಬ್ಬರೇ ಎರಡು ಬಾರಿ ಹೇಳಿದ್ದಾರೆ. ಎರಡು ಹೇಳಿಕೆಗಳ ನಡುವೆ 24 ವರ್ಷಗಳ ಅಂತರವಿದೆ. ಸ್ವರದ ಅಂತರ ಅದಕ್ಕಿಂತಲೂ ದೊಡ್ಡದು.

ಕ್ಲಾರ್ಕರು ಹುಟ್ಟಿದ್ದು 1898ರಲ್ಲಿ, ದಕ್ಷಿಣ ಕ್ಯಾರೊಲಿನ ರಾಜ್ಯದ ಚಾರ್ಲ್ಸ್‌ಟನ್ ನಗರದಲ್ಲಿ. ತಂದೆ ಗುಲಾಮಗಿರಿಯಲ್ಲಿ ಹುಟ್ಟಿದವರು. 1916ರಲ್ಲಿ ವಿದ್ಯಾಭ್ಯಾಸ ಮುಗಿಸಿದಾಗ ಚಾರ್ಲ್ಸ್‌ಟನ್ನಿನ ಸರ್ಕಾರಿ ಶಾಲೆಗಳಲ್ಲಿ ಕಪ್ಪುಜನರಿಗೆ ಉಪಾಧ್ಯಾಯ ವೃತ್ತಿ ದೊರೆಯುತ್ತಿರಲಿಲ್ಲವಾದುದರಿಂದ ಆಕೆ ಸಮುದ್ರತೀರದ ಜಾನ್ಸ್ ದ್ವೀಪಕ್ಕೆ ಹೋದರು. ಅಲ್ಲಿ 132 ಮಕ್ಕಳಿಗೆ ಇಬ್ಬರು ಉಪಾಧ್ಯಾಯಿನಿಯರು; ರಸ್ತೆಯ ಆಚೆ ಬದಿಯಲ್ಲಿದ್ದ ಬಿಳಿಯರ ಶಾಲೆಯಲ್ಲಿ ಮೂವರೇ ಮಕ್ಕಳು. ಮುಂದೆ 40 ವರ್ಷ ಆಕೆ ಉಪಾಧ್ಯಾಯಿನಿಯಾಗಿದ್ದರು. ಸರ್ಕಾರಿ ನೌಕರರು ಕಪ್ಪುಜನರ ಹಕ್ಕುಗಳಿಗಾಗಿ ಕೆಲಸಮಾಡುತ್ತಿದ್ದ ಎನ್.ಎ.ಎ.ಸಿ.ಪಿ. ಸಂಘದ ಸದಸ್ಯರಾಗಿರಕೂಡದೆಂದು ರಾಜ್ಯವು ಶಾಸನ ಮಾಡಿದಾಗ ಆಕೆ ಸದಸ್ಯತ್ವವನ್ನು ಬಚ್ಚಿಡಲಿಲ್ಲ. 1956ರಲ್ಲಿ ಕೆಲಸವೂ ಹೋಯಿತು, ವಿಶ್ರಾಂತಿವೇತನವೂ ಹೋಯಿತು. ಟೆನೆಸೀ ರಾಜ್ಯದ ಮಾಂಟೀಗಲ್ ಎಂಬಲ್ಲಿ ಮೈಲ್ಸ್ ಹಾರ್ಟನ್ ಮತ್ತು ಡಾನ್ ವೆಸ್ಟ್ 1932ರಲ್ಲಿ ಸ್ಥಾಪಿಸಿದ್ದ ಹೈಲ್ಯಾಂಡರ್ ಜನಶಾಲೆ ಆಕೆಯನ್ನು ಶಿಬಿರಗಳ ನಿರ್ದೇಶಕಿಯಾಗಿ ಬರಮಾಡಿಕೊಂಡಿತು. ಪೌರತ್ವ ಶಾಲೆಗಳೆಂದು ಪ್ರಸಿದ್ಧವಾದ ಸಂಸ್ಥೆಗಳು ಹುಟ್ಟಿದ್ದು ಇಲ್ಲಿಂದ.

ಆ ಶಾಲೆಗಳಿಗೆ ಕಾರಣವಾದ ಸಂಗತಿ ಸರಳವಾದುದು. ದಕ್ಷಿಣ ಕ್ಯಾರೊಲಿನದಲ್ಲಿ ಮತದಾರರ ಪಟ್ಟಿಯಲ್ಲಿ ಹೆಸರು ದಾಖಲಾಗಬೇಕಾದರೆ, ನಿಗದಿಯಾದಷ್ಟು ಬೆಲೆಯ ಆಸ್ತಿಯಿಲ್ಲದವರು ರಾಜ್ಯಾಂಗ ಶಾಸನದ ಒಂದು ಭಾಗವನ್ನು ಅಧಿಕಾರಿಯ ಎದುರಿಗೆ ಓದಿ ತೋರಿಸಬೇಕಾಗಿತ್ತು. ಕಪ್ಪುಜನರನ್ನು ಹೊರಗಿಡುವುದಕ್ಕೆಂದೇ 1895ರ ರಾಜ್ಯಾಂಗದಲ್ಲಿ ಮಾಡಿದ ಏರ್ಪಾಡು ಅದು. ಜಾನ್ಸ್ ದ್ವೀಪದಿಂದ ಚಾರ್ಲ್ಸ್‌ಟನ್ನಿಗೆ ಕೂಲಿಕಾರರನ್ನು ಬಸ್ಸಿನಲ್ಲಿ ಕರೆದೊಯ್ಯುತ್ತಿದ್ದ ಈಸಾ ಜೆಂಕಿನ್ಸ್ ಪ್ರಯಾಣದ ಹೊತ್ತಿನಲ್ಲಿಯೇ ಆ ಶಾಸನವನ್ನು ಜನರಿಗೆ ಓದಿಹೇಳುತ್ತಿದ್ದರು. ಆಲಿಸ್ ವೈನ್ ಎಂಬಾಕೆ ಕೇಳಿ ಕೇಳಿ ಅದನ್ನು ಬಾಯಿಪಾಠ ಮಾಡಿ ಅಧಿಕಾರಿಯ ಮುಂದೆ ಒಪ್ಪಿಸಿ ಮತದಾರಳಾದಳು. ಆದರೆ ಆಕೆಗೆ ತೃಪ್ತಿಯಾಗಲಿಲ್ಲ. ನಿಜವಾಗಿ ಓದಲು ಕಲಿಯಬೇಕೆಂದು ಹಟ ಹಿಡಿದಳು. ಬಾಯಿಪಾಠದಿಂದ ಹಕ್ಕು ದೊರೆತ ಮೇಲೂ ಓದು ಬೇಕೆಂದ ಈ ಹೆಂಗಸಿನ ಅತೃಪ್ತಿಯೇ ಪೌರತ್ವ ಶಾಲೆಯ ಬೀಜವೆನ್ನಬಹುದು. ದ್ವೀಪದಲ್ಲಿ ಸರ್ಕಾರದ ವಯಸ್ಕರ ತರಗತಿಗಳು ಅದಕ್ಕೆ ಮೊದಲೇ ನಡೆದಿದ್ದವು, ನಿಲ್ಲಲಿಲ್ಲ. ಹಾರ್ಟನ್ ವಿಚಾರಿಸಿದಾಗ ತಿಳಿದುಬಂದ ಕಾರಣವೆಂದರೆ, ದೊಡ್ಡವರನ್ನು ಮಕ್ಕಳ ಬೆಂಚಿನಲ್ಲಿ ಕೂರಿಸಿದ್ದರು, ಅವರ ಉದ್ದ ಕಾಲುಗಳನ್ನು ನೋಡಿ ಮಕ್ಕಳು ನಗುತ್ತಿದ್ದರು.

1957ರ ಜನವರಿ 7ರಂದು ಮೊದಲ ತರಗತಿ ಆರಂಭವಾಯಿತು. ಸ್ಥಳವು ಸಹಕಾರದ ಅಂಗಡಿಯೊಂದರ ಹಿಂಬದಿಯ ಕೋಣೆ. ಮುಂದೆ ದಿನಸಿ, ಹಿಂದೆ ಪಾಠ. ಬಿಳಿಯರ ಕಣ್ಣಿಗೆ ಬೀಳದಿರಲೆಂದು ಕೋಣೆಗೆ ಕಿಟಕಿಯನ್ನೇ ಇಟ್ಟಿರಲಿಲ್ಲ. ವಿದ್ಯಾರ್ಥಿಗಳು 14 ಮಂದಿ. ಶಿಕ್ಷಕಿಯಾಗಿ ಬಂದವರು ಕ್ಲಾರ್ಕರ ಸಂಬಂಧಿಯಾದ ಬರ್ನೀಸ್ ರಾಬಿನ್ಸನ್. ಹೆಂಗಸರ ಕೇಶಾಲಂಕಾರದ ಅಂಗಡಿಯನ್ನು ಇಟ್ಟುಕೊಂಡು, ಬಟ್ಟೆ ಹೊಲಿಯುವುದನ್ನೂ ಮಾಡುತ್ತ ಜೀವಿಸುತ್ತಿದ್ದವರು. ಆಕೆ ಎಂದೂ ಪಾಠ ಹೇಳಿದವರಲ್ಲ. ತನ್ನಿಂದ ಆಗದೆಂದೇ ಮೊದಲು ಹೇಳಿದರು. ಹಾರ್ಟನ್ನರೂ ಕ್ಲಾರ್ಕರೂ ಬಿಡಲಿಲ್ಲ. ಶಾಲೆಯ ತರಬೇತು ಇಲ್ಲದವರೇ ಬೇಕೆಂಬುದು ಅವರ ನಿರ್ಧಾರವಾಗಿತ್ತು.

ಈ ನಿರ್ಧಾರವೇ ಮುಂದೆ ಒಂದು ಐತಿಹ್ಯವಾಗಿ ಬೆಳೆಯಿತು. ತರಬೇತಿಲ್ಲದ ಕೇಶಾಲಂಕಾರದ ಹೆಂಗಸು ಪಂಡಿತರಿಂದಾಗದ ಕೆಲಸವನ್ನು ಮಾಡಿ ತೋರಿಸಿದಳು. ಆದುದರಿಂದ ಲೋಕಶಿಕ್ಷಕನಿಗೆ ತರಬೇತು ಬೇಕಿಲ್ಲ, ಬೇಕಾದುದು ಪ್ರೀತಿ ಮಾತ್ರ ಎಂಬ ವಾದ ಆ ಐತಿಹ್ಯದಿಂದ ಹುಟ್ಟತಕ್ಕದ್ದು. ವಯಸ್ಕರ ಶಿಕ್ಷಣವನ್ನು ಅಗ್ಗದಲ್ಲಿ ಮುಗಿಸಬೇಕೆನ್ನುವ ಸರ್ಕಾರಗಳಿಗೂ ಪಾಂಡಿತ್ಯದಲ್ಲಿ ಬೇಸರಗೊಂಡ ಆದರ್ಶವಾದಿಗಳಿಗೂ ಈ ವಾದ ಏಕಪ್ರಕಾರವಾಗಿ ಹಿತವಾಗಿದೆ. ಎರಡು ವಿರುದ್ಧ ಪಕ್ಷಗಳಿಗೆ ಒಂದೇ ಮಾತು ಹಿತವಾದಾಗ ಆ ಮಾತನ್ನು ಸಂಶಯದಿಂದ ನೋಡುವುದು ಲೇಸು.

ಕ್ಲಾರ್ಕರ ಗ್ರಂಥಗಳನ್ನು ನಿಧಾನವಾಗಿ ಓದಿದವರಿಗೆ ಐತಿಹ್ಯದ ಬಣ್ಣ ಕಳೆದು ಬೇರೊಂದು ಚಿತ್ರ ಕಾಣುತ್ತದೆ. ರಾಬಿನ್ಸನ್ನರು ಪ್ರಾಥಮಿಕ ಶಾಲೆಯ ತರಬೇತು ಪಡೆದಿರಲಿಲ್ಲವೆಂಬುದು ನಿಜ. ಆದರೆ ಆಕೆ ಚೆನ್ನಾಗಿ ಓದಿಕೊಂಡವರು, ನ್ಯೂಯಾರ್ಕಿನಲ್ಲಿದ್ದು ಬಂದು ಬೇರೆ ಜಗತ್ತನ್ನು ಕಂಡವರು, ಎನ್.ಎ.ಎ.ಸಿ.ಪಿ.ಯ ಕೆಲಸದಲ್ಲಿ ಪಳಗಿದವರು. ಹೈಲ್ಯಾಂಡರಿನ ಶಿಬಿರಕ್ಕೂ ಹೋಗಿಬಂದವರು. ಆಕೆಯ ವೃತ್ತಿಯೂ ಇಲ್ಲಿ ಗಣ್ಯವೇ. ಸರ್ಕಾರಿ ಉಪಾಧ್ಯಾಯಿನಿಯ ಸಂಬಳ ಬಿಳಿಯರ ಕೈಯಲ್ಲಿತ್ತು. ಕೇಶಾಲಂಕಾರದ ಅಂಗಡಿಗೆ ಬರುವವರೆಲ್ಲ ಕಪ್ಪು ಹೆಂಗಸರು. ಅವಳನ್ನು ಕೆಲಸದಿಂದ ತೆಗೆಯುವ ಯಜಮಾನನಿಲ್ಲ. ಜೊತೆಗೆ ದಿನವೆಲ್ಲ ನಾನಾ ಸ್ವಭಾವದ ಹೆಂಗಸರು ಕುಳಿತು ತಮ್ಮ ಸುಖದುಃಖಗಳನ್ನು ಹೇಳಿಕೊಳ್ಳುವ ಆ ಕುರ್ಚಿಯ ಹಿಂದೆ ನಿಂತು ವರ್ಷಗಟ್ಟಲೆ ಕೇಳಿದವಳಿಗೆ, ಇನ್ನೊಬ್ಬರ ಮಾತು ಎಲ್ಲಿ ತಡೆಯುತ್ತದೆ, ಏತಕ್ಕೆ ತಡೆಯುತ್ತದೆ ಎಂಬ ತಿಳಿವಳಿಕೆ ಬಂದಿರಲೇಬೇಕು. ಇದನ್ನು ತರಬೇತಲ್ಲವೆನ್ನುವುದಾದರೆ ತರಬೇತೆಂಬ ಮಾತಿನ ಅರ್ಥವನ್ನೇ ಸಂಕೋಚಗೊಳಿಸಿದಂತಾಗುತ್ತದೆ.

ಇದಕ್ಕಿಂತ ಮುಖ್ಯವಾದುದು ರಾಬಿನ್ಸನ್ನರ ಬೆನ್ನಿಗೆ ನಿಂತಿದ್ದ ಕ್ಲಾರ್ಕರ ಅನುಭವ. 1916ರಿಂದ 1919ರವರೆಗೆ ದ್ವೀಪದಲ್ಲಿದ್ದಾಗಲೇ ಆಕೆ ರಾತ್ರಿ ವೇಳೆ ದೊಡ್ಡವರಿಗೆ ಕಲಿಸತೊಡಗಿದ್ದರು. ತಮ್ಮ ಸಂಘದ ಸಭೆಗಳಲ್ಲಿ ಎದ್ದು ನಿಂತು ಮಾತನಾಡಬೇಕೆಂದು ಕೆಲವು ಗಂಡಸರು ಆಶೆಪಟ್ಟರು. ಅವರು ಹೇಳಬೇಕೆಂದುಕೊಂಡ ಮಾತನ್ನೇ ಬರೆದುಕೊಟ್ಟು, ಅದನ್ನು ಓದುವುದನ್ನು ಕಲಿಸಿದರು. ಕಾಗದ ದೊರೆಯದಾಗ ಬಟ್ಟೆ ಒಗೆಯುವ ಅಂಗಡಿಯ ದೊಡ್ಡ ಚೀಲಗಳನ್ನು ಬಿಚ್ಚಿ ಅವುಗಳ ಮೇಲೆ ಮಕ್ಕಳ ಬಾಯಿಂದ ಬಂದ ಕಥೆಗಳನ್ನು ಬರೆದು ಗೋಡೆಗೆ ತೂಗುಹಾಕಿದರು. ಮುಂದೆ ಕೊಲಂಬಿಯ ನಗರದಲ್ಲಿದ್ದಾಗ ರಾಜ್ಯದ ವಯಸ್ಕರ ಶಿಕ್ಷಣದ ಪ್ರವರ್ತಕಿಯಾದ ವಿಲ್ ಲೂ ಗ್ರೇ ಅವರ ಯೋಜನೆಯಲ್ಲಿ ಸೇರಿ ಕಪ್ಪು ಸೈನಿಕರಿಗೆ ಹೆಸರು ಬರೆಯುವುದನ್ನೂ ಬಸ್ಸಿನ ಮೇಲಿನ ಊರ ಹೆಸರು ಓದುವುದನ್ನೂ ಕಲಿಸಿದರು. ಹೀಗೆ ಜಾನ್ಸ್ ದ್ವೀಪದ ಹಿಂಗೋಣೆಯಲ್ಲಿ ಹೊಸದಾಗಿ ಹುಟ್ಟಿದಂತೆ ಕಂಡ ಪದ್ಧತಿಗೆ 40 ವರ್ಷಗಳ ಪೂರ್ವಚರಿತ್ರೆಯಿದೆ. ತರಬೇತಿಲ್ಲದ ಶಿಕ್ಷಕಿ ಗೆದ್ದದ್ದು, ತರಬೇತು ಪಡೆದವಳೊಬ್ಬಳು ಪಕ್ಕದಲ್ಲಿ ನಿಂತು, ಮುಂದೆ ಬಾರದೆ ಇದ್ದುದರಿಂದ. ಈ ಮುಂದೆ ಬಾರದಿರುವಿಕೆಯೇ ಲೋಕಶಿಕ್ಷಕರ ತರಬೇತಿನ ಅತಿ ಕಠಿಣವಾದ ಅಂಗ. ಉಪಾಧ್ಯಾಯನು ತನ್ನ ವಿದ್ಯೆಯನ್ನು ತೋರಿಸುವುದರಲ್ಲಿ ಪಳಗಿರುತ್ತಾನೆ. ಅಡಗಿಸುವುದರಲ್ಲಿ ಪಳಗಿರುವುದು ವಿರಳ.

ಮೊದಲ ಸಂಜೆಯ ಪ್ರಸಂಗವನ್ನು ಇಲ್ಲಿ ವಿಸ್ತರಿಸಿ ನೋಡತಕ್ಕದ್ದು. ರಾಬಿನ್ಸನ್ನರು ಬರುವಾಗ ಪ್ರಾಥಮಿಕ ಶಾಲೆಯ ಸಲಕರಣೆಗಳನ್ನು ಬಂಧುಗಳಿಂದ ಕೇಳಿ ತಂದಿದ್ದರು. ಎದುರಿಗೆ ಕುಳಿತ ಮುಖಗಳನ್ನು ನೋಡಿದೊಡನೆಯೇ ಅವು ಈ ಜನಕ್ಕೆ ತಕ್ಕವಲ್ಲವೆಂದು ಮನಸ್ಸಿಗೆ ಬಂತು. ಅವನ್ನು ಬದಿಗಿಟ್ಟು, ತಾನು ಗುರುವಲ್ಲ, ಎಲ್ಲರೂ ಸೇರಿ ಕಲಿಯೋಣ ಎಂದು ಹೇಳಿ, ಏನು ಕಲಿಯಬೇಕೆಂದಿದ್ದೀರಿ ಎಂದು ಕೇಳಿದರು. ಉತ್ತರಗಳು ಬಂದವು. ತಮ್ಮ ಹೆಸರು ಬರೆಯಬೇಕು. ದೂರದಲ್ಲಿರುವ ಮಕ್ಕಳ ಕಾಗದ ಓದಬೇಕು. ಬೈಬಲ್ ಓದಬೇಕು. ಮನಿಯಾರ್ಡರಿನ ಫಾರಮು ತುಂಬಬೇಕು. ಅಂಚೆಯ ಮೂಲಕ ಸಾಮಾನು ತರಿಸುವ ಅಂಗಡಿಯ ಕ್ಯಾಟಲಾಗು ನೋಡಿ ತಾವೇ ಬರೆದು ತರಿಸಬೇಕು. ಮತದ ಮಾತು ಇವುಗಳ ನಡುವೆ ಒಂದು ಮಾತ್ರ. ಪೌರಶಿಕ್ಷಣಕ್ಕೆಂದು ಬಂದ ಶಿಕ್ಷಕಿ ಮನಿಯಾರ್ಡರನ್ನು ಕಲಿಸಿದಳು. ಅದು ವಿಷಯಾಂತರವೆಂದು ಭಾವಿಸಲಿಲ್ಲ. ಅಂಚೆಕಚೇರಿಯ ಕಿಟಕಿಯಲ್ಲಿ ಗುಮಾಸ್ತನ ಮುಂದೆ ಇನ್ನೊಬ್ಬರ ಹಂಗಿಲ್ಲದೆ ನಿಂತವಳಿಗೆ ನೋಂದಣಿಯ ಅಧಿಕಾರಿಯ ಮುಂದೆ ನಿಲ್ಲುವ ಅಭ್ಯಾಸ ಅರ್ಧ ಆದಂತೆಯೇ.

ಹೆಸರು ಬರೆಯಿಸುವ ಕ್ರಮವೂ ಗಮನಿಸತಕ್ಕದ್ದು. ರಟ್ಟಿನ ಮೇಲೆ ವಿದ್ಯಾರ್ಥಿಯ ಹೆಸರನ್ನು ಬರೆದುಕೊಟ್ಟು, ಅದರ ಮೇಲೆಯೇ ಮತ್ತೆ ಮತ್ತೆ ಸೀಸದಕಡ್ಡಿಯನ್ನು ಆಡಿಸುವಂತೆ ಹೇಳುತ್ತಿದ್ದರು. ಅಕ್ಷರ ಕಣ್ಣಿಗಿಂತ ಮೊದಲು ಕೈಗೆ ಪರಿಚಯವಾಗುತ್ತಿತ್ತು. ಕನ್ನಡ ಓದುಗರಿಗೆ ಮರಳಿನ ಮೇಲೆ ಬೆರಳಿಟ್ಟು ತೀಡಿಸುತ್ತಿದ್ದ ಕೂಲಿಮಠದ ಅಯ್ಯನವರ ನೆನಪು ಬಂದರೆ ಆಶ್ಚರ್ಯವಿಲ್ಲ. ಆ ತರಗತಿಯಲ್ಲಿ 65 ವರ್ಷದ ಒಬ್ಬ ವೃದ್ಧೆಯಿದ್ದಳು. ಕರಿಹಲಗೆಯ ಮೇಲೆ ಬರೆದಿದ್ದ ಹಲವು ಹೆಸರುಗಳ ನಡುವೆ ಒಂದು ದಿನ ತನ್ನ ಹೆಸರನ್ನು ತಾನೇ ಗುರುತಿಸಿ ಬೆರಳಿಟ್ಟು ತೋರಿಸಿದಳು. ಆ ಗಳಿಗೆಯನ್ನು ರಾಬಿನ್ಸನ್ನರು ಕಡೆಯವರೆಗೂ ಮರೆಯಲಿಲ್ಲ.

ಇನ್ನೊಂದು ಸಂಗತಿ ಸಾಹಿತ್ಯದ ಉಪಾಧ್ಯಾಯರಿಗೆ ವಿಶೇಷವಾಗಿ ವಿಚಾರಾರ್ಹವಾದುದು. ರಾಬಿನ್ಸನ್ನರು ಕೋಣೆಯ ಗೋಡೆಗೆ ಅಂಟಿಸಿದ್ದು ಚಿತ್ರದ ಪಟವನ್ನಲ್ಲ. ಸಂಯುಕ್ತ ರಾಷ್ಟ್ರಸಂಸ್ಥೆ 1948ರಲ್ಲಿ ಹೊರಡಿಸಿದ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯನ್ನು. ತರಗತಿ ಮುಗಿಯುವುದರೊಳಗೆ ಎಲ್ಲರೂ ಅದನ್ನು ಓದಿ ತಿಳಿಯಬೇಕೆಂಬುದು ಗುರಿ. ಅಕ್ಷರವೇ ತಿಳಿಯದವರ ಮುಂದೆ ಅಷ್ಟು ಪ್ರೌಢವಾದ ಗದ್ಯವನ್ನು ಇಡುವುದು ಶಿಕ್ಷಣಶಾಸ್ತ್ರಕ್ಕೆ ವಿರುದ್ಧವೆಂದು ಪಾಠಪುಸ್ತಕಗಳನ್ನು ಬರೆಯುವವರು ಹೇಳಿಯಾರು. ಅವರ ಆಕ್ಷೇಪಣೆಗೆ ಉತ್ತರ ಆ ಸಂಜೆ ಬದಿಗಿಟ್ಟ ಮಕ್ಕಳ ಪುಸ್ತಕದಲ್ಲಿದೆ. ವಯಸ್ಸಾದ ವಿದ್ಯಾರ್ಥಿಯನ್ನು ಅವಮಾನಗೊಳಿಸುವುದು ಪಾಠದ ಕಾಠಿಣ್ಯವಲ್ಲ, ಅದರ ಅಲ್ಪತೆ. ಬೆಕ್ಕು ಇಲಿಗಳ ವಾಕ್ಯವನ್ನು ತಪ್ಪಾಗಿ ಓದಿದವನು ನಗೆಗೀಡಾಗುತ್ತಾನೆ; ಘೋಷಣೆಯ ವಾಕ್ಯದಲ್ಲಿ ತಡವರಿಸಿದವನು ನಗೆಗೀಡಾಗುವುದಿಲ್ಲ. ಕನ್ನಡ ನಾಡಿನ ಹಳ್ಳಿಗಳಲ್ಲಿ ಓದುಬಾರದ ಒಕ್ಕಲುಮಕ್ಕಳು ಕುಮಾರವ್ಯಾಸನ ಭಾರತದ ವಾಚನವನ್ನು ರಾತ್ರಿಯೆಲ್ಲ ಕೂತು ಕೇಳುತ್ತಿದ್ದರು. ಕಾವ್ಯ ಕಠಿಣವೆಂದು ಯಾರೂ ಎದ್ದುಹೋಗುತ್ತಿರಲಿಲ್ಲ. ಪಕ್ಕದಲ್ಲಿ ಅರ್ಥ ಹೇಳುವವನು ಬಲ್ಲವನಾಗಿರಬೇಕು, ಅಷ್ಟೆ. ಪ್ರೌಢವಾದುದನ್ನು ಇಳಿಸದೆ ಹತ್ತಿರ ತರುವ ಈ ಶಕ್ತಿ ಉತ್ಸಾಹದಿಂದ ಮಾತ್ರ ಬರುವಂಥದಲ್ಲ.

ಭಾಷೆಯ ಪ್ರಶ್ನೆ ಇದಕ್ಕೆ ಅಂಟಿಕೊಂಡಿದೆ. ಸಮುದ್ರದ್ವೀಪಗಳ ಜನ ಆಡುವುದು ಗಲ್ಲಾ ಎಂಬ ನುಡಿ. ಆಫ್ರಿಕದ ಭಾಷೆಗಳ ಸತ್ತ್ವ ಇಂಗ್ಲಿಷಿನೊಡನೆ ಬೆರೆತು ಬೆಳೆದದ್ದು. ಚಾರ್ಲ್ಸ್‌ಟನ್ನಿನ ವಿದ್ಯಾವಂತರಿಗೆ ಅದು ಕೆಟ್ಟ ಇಂಗ್ಲಿಷಿನಂತೆ ಕೇಳಿಸುತ್ತಿತ್ತು. ಕ್ಲಾರ್ಕರು ಅದನ್ನು ತಿದ್ದಲು ಹೊರಡಲಿಲ್ಲ. ವಿದ್ಯಾರ್ಥಿ ಆಡುವ ರೂಪವನ್ನು ಹಾಗೆಯೇ ಇರಗೊಟ್ಟು, ಅಚ್ಚಿನಲ್ಲಿ ಅದೇ ಮಾತು ಹೀಗೆ ಕಾಣುತ್ತದೆಂದು ತೋರಿಸುವುದು ಆಕೆಯ ಕ್ರಮ. ಆಡುನುಡಿ ತಪ್ಪು, ಗ್ರಂಥದ ನುಡಿ ಸರಿ ಎಂಬ ತೀರ್ಪು ಅಲ್ಲಿಲ್ಲ. ಒಂದು ಮನೆಯದು, ಇನ್ನೊಂದು ಕಚೇರಿಯದು. ಉಚ್ಚಾರಣೆಯನ್ನು ತಿದ್ದುವುದೇ ವಿದ್ಯಾದಾನವೆಂದು ತಿಳಿದ ಉಪಾಧ್ಯಾಯರು ಕನ್ನಡದಲ್ಲಿಯೂ ಇದ್ದಾರಷ್ಟೆ. ಅವರ ಎದುರಿಗೆ ಒಕ್ಕಲಿಗನ ಬಾಯಿ ಹೇಗೆ ಕಟ್ಟಿಹೋಗುತ್ತದೆಂಬುದನ್ನು ಕಂಡವರಿಗೆ ಈ ಕ್ರಮದ ಬೆಲೆ ತಿಳಿಯುತ್ತದೆ. ಬಾಯಿ ಕಟ್ಟಿಹೋದವನಿಗೆ ಪೌರಧರ್ಮವನ್ನು ಕಲಿಸುವುದು ಹೇಗೆ?

ಹೈಲ್ಯಾಂಡರ್ ಈ ತರಗತಿಗಳಿಗಾಗಿ ಒಂದು ಚಿಕ್ಕ ಓದಿನ ಪುಸ್ತಿಕೆಯನ್ನು ಅಚ್ಚುಮಾಡಿತು. ದಕ್ಷಿಣ ಕ್ಯಾರೊಲಿನದಲ್ಲಿ ಕೊಡಬೇಕಾದ ತೆರಿಗೆಗಳು, ಮತದಾನದ ಶಾಸನ, ಸಾಮಾಜಿಕ ಭದ್ರತೆಯ ಏರ್ಪಾಡು, ಶಾಲಾಮಂಡಲಿಯ ಅಧಿಕಾರ, ಅಧಿಕಾರಿಗಳಿಗೆ ಕಾಗದ ಬರೆಯುವಾಗ ಬಳಸುವ ಸಂಬೋಧನೆ, ಮನಿಯಾರ್ಡರಿನ ಫಾರಮು ಇವೇ ಅದರ ಪ್ರಕರಣಗಳು. ಸಾಹಿತ್ಯದೃಷ್ಟಿಯಿಂದ ಇದಕ್ಕಿಂತ ಶುಷ್ಕವಾದ ಪುಸ್ತಕ ಇರಲಾರದೆನ್ನಿಸಬಹುದು. ಆದರೆ ಅದರಲ್ಲಿರುವ ಒಂದೊಂದು ವಾಕ್ಯವೂ ಓದಿದವನು ಮಾರನೆಯ ದಿನ ಮಾಡಬಲ್ಲ ಒಂದು ಕೆಲಸದ ಕಡೆಗೆ ಬೆರಳು ತೋರಿಸುತ್ತದೆ. ನೀತಿವಾಕ್ಯಗಳಿಂದ ತುಂಬಿದ ಪೌರನೀತಿಯ ಪಾಠಪುಸ್ತಕಗಳೊಡನೆ ಹೋಲಿಸಿದರೆ ಇದರ ಗುಣ ತಿಳಿದುಬರುತ್ತದೆ. ಕೊರತೆ ಇಲ್ಲದೆ ಇಲ್ಲ. ಶಾಸನವನ್ನು ತಿಳಿಸುವ ಗದ್ಯ ಆ ಶಾಸನ ಯಾರನ್ನು ಹೊರಗಿಡಲು ಹುಟ್ಟಿತೆಂಬುದನ್ನು ತಿಳಿಸಲಾರದು. ಅದು ಶಿಕ್ಷಕಿಯ ನಾಲಗೆಗೆ ಬಿಟ್ಟ ಭಾಗ. ಶಾಸನದ ಅಕ್ಷರವನ್ನೂ ಅದರ ಚರಿತ್ರೆಯನ್ನೂ ಎರಡನ್ನೂ ಬಲ್ಲವಳು ಸಿಕ್ಕಿದರೆ ಪುಸ್ತಿಕೆ ಜೀವ ತಳೆಯುತ್ತದೆ. ಸಿಕ್ಕದಿದ್ದರೆ ಅದು ಫಾರಮುಗಳ ಕಟ್ಟು. ಪುಸ್ತಿಕೆಯನ್ನು ಅಚ್ಚುಮಾಡಿ ಹಂಚಿದರೆ ಕೆಲಸ ತೀರಿತೆಂದು ತಿಳಿಯುವವರು ಇದನ್ನು ಲಕ್ಷಿಸುವುದಿಲ್ಲ.

1961ರಲ್ಲಿ ಟೆನೆಸೀ ರಾಜ್ಯವು ಹೈಲ್ಯಾಂಡರನ್ನು ಮುಚ್ಚಿಸಿತು. ಅದು ಬೇರೆ ಹೆಸರಿನಿಂದ ನಾಕ್ಸ್‌ವಿಲ್ಲಿನಲ್ಲಿ ಮತ್ತೆ ತಲೆಯೆತ್ತಿತು. ಅದೇ ವರ್ಷ ಪೌರತ್ವ ಶಾಲೆಗಳ ಭಾರ ಮಾರ್ಟಿನ್ ಲೂಥರ್ ಕಿಂಗರ ಅಧ್ಯಕ್ಷತೆಯ ದಕ್ಷಿಣ ಕ್ರೈಸ್ತ ನಾಯಕತ್ವ ಸಮ್ಮೇಳನಕ್ಕೆ ಹೋಯಿತು. ಜಾರ್ಜಿಯ ರಾಜ್ಯದ ಮೆಕಿಂಟಾಷ್ ಊರಿನ ಡಾರ್ಚೆಸ್ಟರ್ ಕೇಂದ್ರದಲ್ಲಿ ಕ್ಲಾರ್ಕ್, ಡಾರತಿ ಕಾಟನ್, ಆಂಡ್ರೂ ಯಂಗ್ ಈ ಮೂವರು ಐದೈದು ದಿನಗಳ ಶಿಬಿರಗಳನ್ನು ನಡೆಸಿದರು. ದಕ್ಷಿಣದ ರಾಜ್ಯಗಳಿಂದ ಬಂದವರು ಇಲ್ಲಿ ಐದು ದಿನ ಕಲಿತು ಊರಿಗೆ ಹಿಂದಿರುಗಿ ತರಗತಿ ತೆರೆಯಬೇಕು. ಆರಿಸುವಾಗ ಕ್ಲಾರ್ಕರು ನೋಡುತ್ತಿದ್ದುದು ಪದವಿಯನ್ನಲ್ಲ. ಗಟ್ಟಿಯಾಗಿ, ತಿಳಿಯಾಗಿ ಓದಬಲ್ಲರೆ? ಹಲಗೆಯ ಮೇಲೆ ಅಕ್ಷರಗಳನ್ನು ಕೂಡಿಸಿ ಅಂದವಾಗಿ ಬರೆಯಬಲ್ಲರೆ? ಊರಿನಲ್ಲಿ ಅವರ ಮಾತಿಗೆ ಬೆಲೆಯಿದೆಯೆ? ಇಷ್ಟು ಸಾಕು. ಆದರೆ ಆ ಐದು ದಿನಗಳು ಬಿಡುವಿಲ್ಲದ ದಿನಗಳು. ಬಂದವರ ಊರಿನ ತೊಂದರೆಗಳನ್ನು ಮೊದಲು ಕೇಳುವುದು; ಅವರವರ ರಾಜ್ಯದ ಚುನಾವಣೆಯ ಶಾಸನವನ್ನು ಬೇರೆ ಬೇರೆಯಾಗಿ ಬಿಡಿಸುವುದು, ಏಕೆಂದರೆ ಒಂದು ರಾಜ್ಯದ ನಿಯಮ ಇನ್ನೊಂದಕ್ಕೆ ಸಲ್ಲದು; ಕೈಹಿಡಿದು ಬರೆಯಿಸುವ ಕ್ರಮ; ಬ್ಯಾಂಕಿನ ಚೆಕ್ಕು ಬರೆಯುವ ಕ್ರಮ. ಸಂಜೆ ಹಾಡು. ಡಾರತಿ ಕಾಟನ್ನರ ಕಂಠದಲ್ಲಿ ಚರ್ಚಿನ ಹಾಡುಗಳೇ ಹೊಸ ಅರ್ಥದಿಂದ ಬರುತ್ತಿದ್ದವು. ಹಾಡನ್ನು ವಿನೋದವೆಂದು ತಿಳಿಯಕೂಡದು. ನೋಂದಣಿಯ ಕಚೇರಿಗೆ ಹೋದವನು ಕೆಲಸ ಕಳೆದುಕೊಳ್ಳಬಹುದು, ಮನೆ ಕಳೆದುಕೊಳ್ಳಬಹುದು, ಕೆಲವೆಡೆ ಪ್ರಾಣವನ್ನೇ ಕಳೆದುಕೊಳ್ಳಬಹುದು ಎಂದಿದ್ದ ಕಾಲದಲ್ಲಿ, ಜನರನ್ನು ಆ ಬಾಗಿಲಿಗೆ ಕಳಿಸುವ ಶಿಕ್ಷಕಿ ಅವರ ಭಯವನ್ನೂ ಪಾಠದ ಅಂಗವೆಂದು ಎಣಿಸಬೇಕಾಗಿತ್ತು. ಇಂಥ ಜವಾಬ್ದಾರಿ ಯಾವ ಪ್ರಾಥಮಿಕ ಶಾಲೆಯ ಉಪಾಧ್ಯಾಯರ ಮೇಲೂ ಬಿದ್ದಿರುವುದಿಲ್ಲ. ಸಾವಿರಾರು ಮಂದಿ ಹೀಗೆ ಸಿದ್ಧರಾದರು. 1965ರ ಮತದಾನ ಹಕ್ಕುಗಳ ಶಾಸನ ಆ ರಾಜ್ಯಗಳ ಓದಿನ ಪರೀಕ್ಷೆಗೆ ತಡೆಹಾಕಿತು.

ಇಲ್ಲಿಯೇ ಎರಡು ಗ್ರಂಥಗಳ ಭೇದವೂ ಸ್ಪಷ್ಟವಾಗುತ್ತದೆ. 1962ರ ಗ್ರಂಥವನ್ನು ಕ್ಲಾರ್ಕರು ಲಗೆಟ್ ಬ್ಲೈತ್ ಎಂಬ ಬಿಳಿಯ ಲೇಖಕರ ನೆರವಿನಿಂದ ಬರೆದರು. ಹೈಲ್ಯಾಂಡರಿನ ಮೇಲೆ ಕಮ್ಯೂನಿಸ್ಟರ ತರಬೇತಿನ ಶಾಲೆಯೆಂಬ ಅಪವಾದ ಬಲವಾಗಿದ್ದ ಕಾಲ. ಗ್ರಂಥದ ಗದ್ಯ ನಯವಾಗಿದೆ. ಎಲ್ಲರನ್ನೂ ಸಮಾಧಾನಗೊಳಿಸಬೇಕೆಂಬ ಅವಸರ ಅಲ್ಲಲ್ಲಿ ಕಾಣುತ್ತದೆ. ಜೊತೆಗಾರರ ವಿಷಯದಲ್ಲಿ ಕಹಿಮಾತು ಇಲ್ಲ. ಆದರೆ ದ್ವೀಪದ ತರಗತಿಗಳ ವಿವರ ಹಸಿಯಾಗಿ, ಹತ್ತಿರದಿಂದ ಕಂಡದ್ದಾಗಿ ಬಂದಿರುವುದು ಇದರಲ್ಲಿಯೇ. ಏನು ಮಾಡಿದರು ಎಂದು ತಿಳಿಯಬೇಕಾದವರಿಗೆ ಮೊದಲ ಗ್ರಂಥವೇ ಆಧಾರ.

ಎರಡನೆಯದು ಬರೆದದ್ದಲ್ಲ, ಹೇಳಿದ್ದು. ವೃದ್ಧಾಪ್ಯದಲ್ಲಿ ಕ್ಲಾರ್ಕರು ಆಡಿದ ಮಾತುಗಳನ್ನು ಸಿಂತಿಯ ಸ್ಟೋಕ್ಸ್ ಬ್ರೌನ್ ಕೇಳಿ ಬರೆದುಕೊಂಡು ಜೋಡಿಸಿದರು. ಜೋಡಣೆಯಲ್ಲಿ ಸಂಪಾದಕಿಯ ಕೈ ಇದೆಯೆಂಬುದನ್ನು ಮರೆಯಲಾಗದು. ಘಟನೆಗಳು ಇದ್ದ ಕ್ರಮದಲ್ಲಿಲ್ಲ, ಅರ್ಥ ಕೊಡುವ ಕ್ರಮದಲ್ಲಿವೆ. ಆದರೂ ಮೊದಲ ಗ್ರಂಥದಲ್ಲಿ ಕಾಣದ ಸತ್ಯಗಳು ಇದರಲ್ಲಿ ಹೊರಬಿದ್ದಿವೆ. ಸಮ್ಮೇಳನದ ಕಾರ್ಯಮಂಡಲಿಯಲ್ಲಿ ಈ ಹೆಂಗಸು ಏಕೆ ಕುಳಿತಿದ್ದಾಳೆಂದು ಮುಖಂಡರೊಬ್ಬರು ಕೇಳಿದರಂತೆ. ಎಲ್ಲ ಮೆರವಣಿಗೆಗಳಿಗೂ ತಾವೇ ಮುಂದಾಗದೆ ಊರೂರಿನಲ್ಲಿ ಬೇರೆಯವರನ್ನು ಮುಂದಾಳುಗಳಾಗಿ ಬೆಳೆಸಬೇಕೆಂದು ಆಕೆ ಕಿಂಗರಿಗೆ ಕಾಗದ ಬರೆದಾಗ, ಅದನ್ನು ಓದಿ ಕೇಳಿದವರು ನಕ್ಕರಂತೆ. ಕಿಂಗರ ಮೇಲೆ ಆಕೆಗಿದ್ದ ಗೌರವ ಕಡಮೆಯಾದುದಲ್ಲ. ಆದರೆ ಜನಕ್ಕೆ ಕಿವಿಗೊಡುವ ಕೌಶಲ ಹಳ್ಳಿಯ ಶಿಕ್ಷಕಿಗೆ ಮಾತ್ರ ಸಾಕೆಂದೂ ವೇದಿಕೆಯ ಮೇಲಿನವರಿಗೆ ಬೇಡವೆಂದೂ ತಿಳಿದ ಸಂಸ್ಥೆಯೊಳಗೆ ಕೂತು ಆ ಕೌಶಲವನ್ನೇ ಕಲಿಸುತ್ತಿದ್ದವರ ಸಂಕಟ ಈ ಪುಟಗಳಲ್ಲಿದೆ. ಗ್ರಂಥದ ಅತ್ಯಂತ ಬೆಲೆಯುಳ್ಳ ಭಾಗವೂ ಇದೇ. ಲೋಕಶಿಕ್ಷಕರ ತರಬೇತನ್ನು ಕುರಿತು ಬರೆದವರಲ್ಲಿ ಹೆಚ್ಚು ಮಂದಿ ಶಿಕ್ಷಕನು ವಿದ್ಯಾರ್ಥಿಗೆ ಕಿವಿಗೊಡಬೇಕೆಂದು ಹೇಳುತ್ತಾರೆ; ಶಿಕ್ಷಕನನ್ನು ಕಳಿಸಿದ ಸಂಸ್ಥೆ ಶಿಕ್ಷಕನಿಗೆ ಕಿವಿಗೊಡಬೇಕೆಂದು ಹೇಳುವವರು ಕಡಮೆ.

ಹೈಲ್ಯಾಂಡರಿನ ಮೂಲವನ್ನು ಹುಡುಕಿದರೆ ಡೆನ್ಮಾರ್ಕಿಗೆ ಹೋಗಬೇಕಾಗುತ್ತದೆ. ಹಾರ್ಟನ್ 1931ರಲ್ಲಿ ಅಲ್ಲಿಗೆ ಹೋಗಿ ಜನತಾ ಪ್ರೌಢಶಾಲೆಗಳನ್ನು ನೋಡಿ ಬಂದವರು. ಕವಿಯೂ ಪಾದ್ರಿಯೂ ಆದ ಗ್ರುಂಟ್‌ವಿಗ್ (1783–1872) ಪರೀಕ್ಷೆಯಿಲ್ಲದ, ತಾಯ್ನುಡಿಯ, ಸಜೀವವಾದ ಮಾತಿನಿಂದ ನಡೆಯುವ ಶಾಲೆಯನ್ನು ಕಲ್ಪಿಸಿದರು. ಅಂಥ ಮೊದಲ ಶಾಲೆ 1844ರಲ್ಲಿ ರೋಡಿಂಗ್ ಎಂಬಲ್ಲಿ ಹುಟ್ಟಿತು. ಚಮ್ಮಾರನ ಮಗನಾದ ಕ್ರಿಸ್ಟೆನ್ ಕೋಲ್ಡ್ 1851ರಲ್ಲಿ ರಿಸ್ಲಿಂಗೆಯಲ್ಲಿ ತೆರೆದ ಶಾಲೆಯಲ್ಲಿ ರೈತರ ಮಕ್ಕಳೊಡನೆ ಉಂಡು, ಅವರೊಡನೆ ಒಂದೇ ಅಟ್ಟದಲ್ಲಿ ಮಲಗಿ ಕಲಿಸಿದನು. ಇದೇ ಬೀಜ ಕನ್ನಡ ನಾಡಿಗೂ ಬಂತು. ಮೈಸೂರು ಸಂಸ್ಥಾನದಲ್ಲಿ 1940ರ ದಶಕದಲ್ಲಿ ಹುಟ್ಟಿದ ವಯಸ್ಕರ ಶಿಕ್ಷಣ ಸಮಿತಿ ಗ್ರಾಮದ ಯುವಕರಿಗಾಗಿ ವಿದ್ಯಾಪೀಠಗಳನ್ನು ಕಟ್ಟಿದಾಗ ಮಾದರಿಯಾಗಿ ಇಟ್ಟುಕೊಂಡದ್ದು ಈ ಡೇನಿಷ್ ಶಾಲೆಗಳನ್ನೇ. ಕಪಿಲಾ ತೀರದ ನಂಜನಗೂಡಿನ ವಿದ್ಯಾಪೀಠ ಅವುಗಳಲ್ಲಿ ಒಂದು. ಆದರೆ ಗ್ರುಂಟ್‌ವಿಗ್ಗರ ಸಜೀವವಾದ ಮಾತು ಹೆಚ್ಚಾಗಿ ಗುರುವಿನ ಬಾಯಿಂದ ಬರುವ ಮಾತು. ಇತಿಹಾಸವನ್ನೂ ಪುರಾಣಕಥೆಯನ್ನೂ ಗುರು ಹೇಳುತ್ತಾನೆ; ಶಿಷ್ಯನ ಎದೆ ಬೆಳಗುತ್ತದೆ. ಜಾನ್ಸ್ ದ್ವೀಪದಲ್ಲಿ ಆ ಮಾತು ದಿಕ್ಕು ಬದಲಿಸಿತು: ಹೇಳುವವರು ಶಿಷ್ಯರು, ಬರೆದುಕೊಳ್ಳುವವಳು ಶಿಕ್ಷಕಿ. ಹರಿಕಥೆ, ಗಮಕ, ಪುರಾಣಪ್ರವಚನಗಳ ಸಂಪ್ರದಾಯ ಬಲವಾಗಿರುವ ನಾಡಿನಲ್ಲಿ ಮೊದಲನೆಯ ರೀತಿ ಸುಲಭವಾಗಿ ಬೇರೂರುತ್ತದೆ. ಎರಡನೆಯದಕ್ಕೆ ಬೇರೆ ಅಭ್ಯಾಸ ಬೇಕು. ಒಳ್ಳೆಯ ಮಾತುಗಾರನಿಗೆ ಆ ಅಭ್ಯಾಸ ಎಲ್ಲರಿಗಿಂತ ಕಷ್ಟ.

ಕನ್ನಡದ ಅನುಭವವನ್ನು ಇದರೊಡನೆ ತೂಗಿ ನೋಡುವುದಕ್ಕೆ, ಹಳ್ಳಿಯಲ್ಲಿ ನಿಂತು ಕಲಿಸಿದವರು ತಾವೇ ಬರೆದ ವೃತ್ತಾಂತಗಳು ಬೇಕಾಗುತ್ತವೆ. ಅಂಥವು ವಿರಳ. ತರಗತಿಗಳ ಸಂಖ್ಯೆ, ತೇರ್ಗಡೆಯಾದವರ ಸಂಖ್ಯೆ, ಹಂಚಿದ ಪುಸ್ತಕಗಳ ಸಂಖ್ಯೆ ವರದಿಗಳಿಗೆ ಸೇರುತ್ತವೆ. ಮೊದಲ ಸಂಜೆ ಶಿಕ್ಷಕ ಏನು ಕೇಳಿದ, ಯಾರು ಏನು ಹೇಳಿದರು, ತಂದ ಪುಸ್ತಕವನ್ನು ಬದಿಗಿಟ್ಟನೆ ಇಲ್ಲವೆ ಎಂಬುದು ವರದಿಗೆ ಸೇರುವುದಿಲ್ಲ.

ಕ್ಲಾರ್ಕರ ಗ್ರಂಥಗಳಲ್ಲಿಯೂ ಈ ಸಂಬಂಧವಾಗಿ ಒಂದು ಕೊರತೆ ಉಳಿದಿದೆ. ತರಗತಿಯನ್ನು ನಡೆಸಿದವರು ರಾಬಿನ್ಸನ್. ಕಥೆಯನ್ನು ಹೇಳಿದವರು ಕ್ಲಾರ್ಕ್. ತನ್ನ ಸಂಬಂಧಿಯನ್ನು ಹೊಗಳುವುದರಲ್ಲಿ ಆಕೆ ಜಿಪುಣತನ ತೋರಿಲ್ಲ. ಆದರೂ ಹಲಗೆಯ ಮುಂದೆ ನಿಂತವಳ ಹಿಂಜರಿಕೆ, ಮೊದಲ ವಾರದ ತಪ್ಪುಗಳು, ಬಾರದೆಹೋದ ವಿದ್ಯಾರ್ಥಿಯ ಮನೆಗೆ ಹೋಗಿ ವಿಚಾರಿಸಿದ್ದೋ ಬಿಟ್ಟದ್ದೋ, ಇವು ಪಕ್ಕದಲ್ಲಿ ನಿಂತವರ ಕಣ್ಣಿಗೆ ಪೂರ್ತಿಯಾಗಿ ಕಾಣತಕ್ಕವಲ್ಲ. ರಾಬಿನ್ಸನ್ನರು ಹೈಲ್ಯಾಂಡರಿಗೆ ಬರೆದ ಕಾಗದಗಳೂ ಮುಂದೆ ಕೊಟ್ಟ ಸಂದರ್ಶನಗಳೂ ಉಳಿದುಬಂದಿವೆ. ಎರಡು ಆತ್ಮಕಥನಗಳನ್ನು ಓದಿ ಮುಗಿಸಿದವರು ಮುಂದೆ ತೆರೆಯಬೇಕಾದುದು ಅವನ್ನು.